ಕುದರಿ ಮ್ಯಾಲಿನ ಕೆಂಪು ಕೋಳಿ

ಬಾದಾಮಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕುರುಬರ ಬಾಣಂತಿಯೊಬ್ಬಳು ಕೂಸು, ಅತ್ತೆಯ ಜೊತೆ ಕೂತಿದ್ದಳು. ದವಾಖಾನೆಯಿಂದ ಆಗಷ್ಟೇ ಬಿಟ್ಟಿದ್ದರಂತೆ. ಗಂಡ ಕುರಿ ಹೊಡಕೊಂಡು ಊರೂರು ನಡೆಯುವವನು.

“ಮನಿ ಎಲ್ಲೈತವ್ವಾ?” ಎಂದೆ.

“ಹೋದ ವಾರ ಗುಡೂರ ಹೊಲದಾಗ ಇತ್ರಿ. ಈಗ ಎಲ್ಲಿಗೆ ಹೋಗೇತೋ!”

ನನಗೇ ದಿಗಿಲಾಯಿತು. ಆಕೆ ಬಂದ ಬಂದ ಬಸ್ಸಿನ ಡ್ರೈವರಿಗೆಲ್ಲ ಕೇಳುತ್ತಿದ್ದಳು: “ಅಣ್ಣಾ, ಹಾದ್ಯಾಗ ನಮ್ಮ ಕುರಿ ಕಂಡವೇನು? ಸಾಮಾನು ಹೇರಿದ ಕುದರಿ ಮ್ಯಾಲ ಕೆಂಪು ಕೋಳಿ ಕುಂತಿರ್ತೈತಿ.” ಇಬ್ಬರು ಇಲ್ಲವೆಂದು ತಲೆಯಾಡಿಸಿದರು.

ಇಳಕಲ್ ಬಸ್ಸಿನವನು ಮಾತ್ರ ಕೋಳಿ ಎಂದೊಡನೆ ನಕ್ಕುಬಿಟ್ಟ. ನನಗೆ ಹೋದ ಜೀವ ಬಂತು.

“ಹತ್ತವ್ವಾ, ಹಳ್ಳದ ದಂಡಿಗೆ ಅದಾರ. ನಿನ್ನ ಗಂಡ ಬಸ್ಸಿಗೆ ಅಡ್ಡ ನಿಂತು, ಗಂಡೋ ಹೆಣ್ಣೋ ಅಂತ ನನ್ನ ಕೇಳಿದ. ನಾ ಏನ್ ಹೇಳ್ಲಿ?”

ಅತ್ತೆ ಬಾಯಿ ತೆರೆದಳು. ಸೊಸೆ ಅವಳ ಕೈ ಹಿಡಿದಳು.

“ಯಾರೂ ಹೇಳಬ್ಯಾಡ್ರಿ. ನಾನ ಹೇಳ್ತೇನಿ.”