ಸಮಾಧಿಯ ಬಳಿ ಎಷ್ಟು ದೂತರು

ನೆಕ್ರಾಜೆಯಲ್ಲಿ ಬೈಬಲಿನ ಮೇಲೆ ನಡೆದ ವಾದದಲ್ಲಿ ನಾನು ಮಿಶನಿನ ಉಪದೇಶಿಗಳೊಬ್ಬರನ್ನು ಸೋಲಿಸಿದೆ ಎಂದು ಊರಿನವರು ಹೇಳುತ್ತಾರೆ. ನನಗೇ ಅದರಲ್ಲಿ ಸಂಶಯವಿದೆ.

ಯಾರು ಏನು ಕೇಳಿದರೂ “ನೋಡುವ ಮಾರಾಯ” ಎಂದು ಹೆಬ್ಬೆರಳು ನೆಕ್ಕಿ ಬೈಬಲಿನ ಹಾಳೆ ಮಗುಚುವುದು ಅವರ ಕ್ರಮ. ಸೋತರೆ ಕೆಲಸವಿಲ್ಲ ಎಂದು ಪಾದ್ರಿಗಳು ಅವರಿಗೆ ಮೊದಲೇ ಹೇಳಿದ್ದರು.

“ಯೇಸುವಿನ ಸಮಾಧಿಯ ಬಳಿ ಒಂದು ಸುವಾರ್ತೆಯಲ್ಲಿ ಒಬ್ಬ ದೂತ, ಇನ್ನೊಂದರಲ್ಲಿ ಇಬ್ಬರು. ಯಾವುದು ಸತ್ಯ?” ಎಂದೆ.

“ಸುಳ್ಳು, ಹಾಗೆ ಎಲ್ಲಿಯೂ ಇಲ್ಲ,” ಎಂದು ಅವರ ಕಡೆಯವರು ಕೂಗಿದರು. ಉಪದೇಶಿಗಳು ಸುಮ್ಮನಿದ್ದಿದ್ದರೆ ಗೆದ್ದೇ ಬಿಡುತ್ತಿದ್ದರು. ಆದರೆ ಅವರು ಹೆಬ್ಬೆರಳು ನೆಕ್ಕಿದರು. ಪಾದ್ರಿಗಳು ಕಣ್ಣು ಮುಚ್ಚಿಕೊಂಡರು.

“ಉಂಟು ಮಾರಾಯ, ನೀನು ಹೇಳಿದ್ದು ಸರಿ,” ಎಂದು ಉಪದೇಶಿಗಳು ಕಳೆದುಹೋದ ದನ ಸಿಕ್ಕಿದವರಂತೆ ಹಿಗ್ಗಿದರು.

ಅವರ ಕೆಲಸ ಹೋಯಿತು. ಮರುದಿನ ದಾರಿಯಲ್ಲಿ ಸಿಕ್ಕಾಗ ಕೇಳಿದೆ: “ಉಪದೇಶಿಗಳೇ, ದೂತರ ಲೆಕ್ಕ ತಪ್ಪಿದ ಪುಸ್ತಕ ನಿಮ್ಮನ್ನು ಒಂದು ಸುಳ್ಳು ಹೇಳಲು ಬಿಡುವುದಿಲ್ಲ ಅಂದರೆ, ಇನ್ನು ನಾನು ಎಂತ ವಾದ ಮಾಡುವುದು?”