ನಾನು ಇಲ್ಲವೆಂದ ಕುಂಟೆ

ಮೊನ್ನೆ ಮಫ್ಲರ್ ಹುಡುಕುತ್ತ ಕಬ್ಬಿಣದ ಟ್ರಂಕಿನ ತಳಕ್ಕೆ ಕೈ ಹಾಕಿದೆ. ನುಸಿಗುಳಿಗೆಯ ವಾಸನೆಯ ಜೊತೆಗೆ ಒಂದು ಕಾಗದದ ಕಟ್ಟು ಮೇಲೆ ಬಂತು. ಎರಡೂ ಅಂಚಿಗೆ ಸಾಲುತೂತು, ಒಂದಕ್ಕೊಂದು ಸೇರಿದ ಉದ್ದನೆಯ ಹಾಳೆಗಳು, ಮಾಸಿದ ಕಂಪ್ಯೂಟರ್ ಅಕ್ಷರ. ಇಷ್ಟು ವರ್ಷ ಅದರ ದಾರ ಬಿಚ್ಚಿರಲಿಲ್ಲ. ಬಿಚ್ಚುವ ಧೈರ್ಯ ಇರಲಿಲ್ಲ...

ಅದನ್ನು ಕೊಟ್ಟವರನ್ನು ಊರಲ್ಲಿ ಎಲ್ಲರೂ ಮ್ಯಾಪ್ ಮೇಡಂ ಎನ್ನುತ್ತಿದ್ದರು. ಜಲಾನಯನದ ಕೆಲಸಕ್ಕೆಂದು ನಗರಗೆರೆ ಕಡೆಯ ನಮ್ಮ ಹಳ್ಳಿಗೆ ಬಂದಿದ್ದರು. ಗುಡ್ಡದ ಮೇಲೆ ಬಿದ್ದ ಮಳೆ ಯಾವ ದಾರಿ ಹಿಡಿದು ಇಳಿಯುತ್ತದೆ ಎಂದು ಕಂಡುಹಿಡಿದು, ಒಡ್ಡು ಎಲ್ಲಿ ಕಟ್ಟಬೇಕೆಂದು ಹೇಳುವುದು ಅವರ ಕೆಲಸ. ಆಫೀಸಿನಲ್ಲಿ ಅದಕ್ಕೆ ದುಬಾರಿ ಸಾಫ್ಟ್‌ವೇರ್ ಇತ್ತಂತೆ, ಒಂದು ಹಳ್ಳದ ನಕ್ಷೆಗೆ ವಾರಗಟ್ಟಲೆ ಹಿಡಿಯುತ್ತಿತ್ತಂತೆ. ಇವರು ಪುಕ್ಕಟೆ ಸಿಗುವುದನ್ನೇ ಜೋಡಿಸಿ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾಲ್ಕೈದು ಪುಟದ ಪ್ರೋಗ್ರಾಂ ಬರೆದಿದ್ದರು. ಟೀ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಪರದೆಯ ಮೇಲೆ ನೀರಿನ ಗೆರೆ ಮೂಡುತ್ತಿತ್ತು.

"ಮೊದಲು ಗುಂಡಿ ತುಂಬಿಸುತ್ತೆ ಅಣ್ಣ, ಆಮೇಲೆ ಇಳಿಜಾರು ಹುಡುಕುತ್ತೆ, ಆಮೇಲೆ ಗೆರೆ ಎಳೆಯುತ್ತೆ. ಅಷ್ಟೆ. ಇದರಲ್ಲಿ ಮುಚ್ಚಿಟ್ಟಿದ್ದು ಏನೂ ಇಲ್ಲ, ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು" ಎಂದಿದ್ದರು ನನಗೆ.

ಅವರು ಉಳಿದುಕೊಂಡಿದ್ದದ್ದು ಊರ ಕೆಳಗಿನ ಸಾಲುಮನೆಯಲ್ಲಿ, ಒಬ್ಬ ಒಂಟಿ ಅಜ್ಜಿಯ ಜೊತೆ. ಅಜ್ಜಿ ಅರ್ಧ ತೆಲುಗು, ಅರ್ಧ ಕನ್ನಡ. "ತಿನು ತಲ್ಲಿ, ಮುದ್ದೆ ಆರೋಗ್ತದೆ" ಅನ್ನೋದು, ಲ್ಯಾಪ್‌ಟಾಪ್ ಕಡೆ ಗದ್ದ ಎತ್ತಿ, "ನನ್ ಕೋಳಿ ಯಾವ ಸಂದೀಲಿ ಮೊಟ್ಟೆ ಇಡ್ತಾ ಐತೆ, ಅದನ್ನ ಹೇಳ್ತದೇನಮ್ಮ ನಿನ್ ಪೆಟ್ಟಿಗೆ?" ಅಂತ ಛೇಡಿಸೋದು.

ನಾನು ಊರ ನೀರಗಂಟಿ. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಯಾವತ್ತು ನೀರು ಎಂದು ಹೇಳುವುದು ತಾತನ ಕಾಲದಿಂದ ನಮ್ಮ ಮನೆಯ ಕೆಲಸ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೆ. ನೀರಿನ ವಿಷಯದಲ್ಲಿ ನಾನು ಒಂದು ಮಾತು ಹೇಳಿದರೆ ಊರಲ್ಲಿ ಯಾರೂ ಎದುರಾಡುತ್ತಿರಲಿಲ್ಲ.

ಗುಡ್ಡದ ಬುಡದಲ್ಲಿ ಎರಡು ಎಕರೆಯ, ಸಣ್ಣ ಕೆರೆಯಂಥ ಹಳೆಯ ಕುಂಟೆಯೊಂದಿತ್ತು. ಮೇಲಿನಿಂದ ನುಗ್ಗುವ ನೀರು ಅಲ್ಲಿ ನಿಂತು, ತಣ್ಣಗಾಗಿ, ಮೆಲ್ಲಗೆ ಕೆರೆಗೆ ಇಳಿಯುತ್ತಿತ್ತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಅದು ಒಣಗಿತು. ನಾನು ಟ್ರ್ಯಾಕ್ಟರಿನಲ್ಲಿ ಮಣ್ಣು ಹೊಡೆಸಿ ಮಟ್ಟ ಮಾಡಿಸಿ ಹಿಪ್ಪುನೇರಳೆ ನೆಟ್ಟೆ. ರೇಷ್ಮೆಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗತೊಡಗಿತು. ಊರ ಕುಂಟೆಯನ್ನು ಊರ ನೀರಗಂಟಿಯೇ ನುಂಗಿದ. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡಲಿಲ್ಲ.

ಆದರೆ ಮೇಡಂ ಬಳಿ ಇದ್ದ ನೆಲದ ಅಳತೆ ಆಕಾಶದಿಂದ ತೆಗೆದದ್ದು, ನಾನು ಮಣ್ಣು ಹೊಡೆಸುವುದಕ್ಕೆ ಮೊದಲೇ ತೆಗೆದದ್ದು. ಅದರಲ್ಲಿ ಕುಂಟೆ ಹಾಗೇ ಇತ್ತು. ಒಂಟಿ ಗುಂಡಿ ಕಂಡರೆ ಬಹುಪಾಲು ಅದು ಅಳತೆಯ ತಪ್ಪಂತೆ, ಪ್ರೋಗ್ರಾಂ ಅದನ್ನು ತುಂಬಿಸಿ ಮುಂದೆ ಹೋಗುತ್ತದಂತೆ. ಮೇಡಂ ಹಾಗೆ ಬಿಡುವವರಲ್ಲ. ಅಜ್ಜಿಯನ್ನೂ ಕರೆದುಕೊಂಡು ನನ್ನ ತೋಟಕ್ಕೆ ಬಂದರು.

"ಅಣ್ಣ, ಇಲ್ಲೊಂದು ಗುಂಡಿ ಅಂತ ತೋರಿಸ್ತಿದೆ. ಇತ್ತಾ?"

ಅಜ್ಜಿ ಬಾಯಿ ತೆರೆಯಿತು. ನಾನು ಅದರ ಕಡೆ ನೋಡಿದೆ, ಅಷ್ಟೆ. ಅದರ ಕಾಲೆಕರೆ ರಾಗಿಗೆ ನೀರು ಬಿಡುವ ಕೈ ನನ್ನದು. ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡು ಬೇರೆ ಕಡೆ ತಿರುಗಿತು.

"ಇಲ್ಲಮ್ಮ, ಯಾವತ್ತೂ ಇರ್ಲಿಲ್ಲ. ಮಿಷನ್ನು ಎಡವಿರ್ಬೇಕು" ಎಂದೆ.

"ನೀರಿನ ವಿಷಯದಲ್ಲಿ ನಿಮ್ಮ ಮಾತು ದೊಡ್ಡದು ಅಣ್ಣ" ಎಂದು ನಕ್ಕರು.

ನಕ್ಷೆಯಲ್ಲಿ ಗುಂಡಿ ತುಂಬಿಸಿದರು. ಗೆರೆ ಪೂರ್ವದ ಹಳ್ಳಕ್ಕೆ ಹೊರಳಿತು. ಒಡ್ಡು ಅಲ್ಲೇ ಎಂದು ತೀರ್ಮಾನವಾಯಿತು. ನನ್ನ ತೋಟದ ನೇರ ಕೆಳಗಿದ್ದ ಸಾಲುಮನೆಯ ಮೇಲ್ಗಡೆ ಒಂದು ಕಲ್ಲನ್ನೂ ಇಡಲಿಲ್ಲ.

ಕೆಲಸ ಶುರುವಾಗುವ ಮುನ್ನ ಮೇಡಂ ಒಬ್ಬರೇ ಮತ್ತೊಮ್ಮೆ ಬಂದರು. ಹಿಂದಿನ ದಿನ ಒಂದು ಹದ ಮಳೆಯಾಗಿತ್ತು. ತೋಟದೊಳಗೆಲ್ಲ ಕಪ್ಪೆಗಳು ಕೂಗುತ್ತಿದ್ದವು. ಎಷ್ಟು ವರ್ಷ ಮಣ್ಣಡಿ ಇದ್ದವೋ... ಜಾಗ ಮರೆತಿರಲಿಲ್ಲ. ಮೇಡಂ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಪುಡಿ ಮಾಡಿದರು.

"ಇಷ್ಟೊಂದು ಕಪ್ಪೆ ಯಾಕಣ್ಣ ಇಲ್ಲಿ? ನಿಜವಾಗ್ಲೂ ಏನೂ ಇರ್ಲಿಲ್ವಾ?"

"ಪೈಪು ಸೋರ್ತದಮ್ಮ" ಎಂದೆ. ನನ್ನ ದನಿ ನನಗೇ ಬೇರೆಯವರದ್ದೆಂಬಂತೆ ಕೇಳಿಸಿತು.

ಆ ವರ್ಷದ ಹಿಂಗಾರು ನನಗೆ ಬೇಡವಾಗಿತ್ತು. ಮೋಡ ಕಂಡರೆ ಹೋಗಿ ತೋಟದ ಬದು ನೋಡಿಬರುತ್ತಿದ್ದೆ. ಒಂದು ಮಧ್ಯಾಹ್ನ ಗುಡ್ಡ ಕಾಣದಂತೆ ಮಳೆ ಕವಿಯಿತು. ಮೇಡಂ ಚಿಕ್ಕಬಳ್ಳಾಪುರಕ್ಕೆ ಮೀಟಿಂಗಿಗೆ ಹೋಗಿದ್ದರು. ನಾನು ತೋಟದ ಬದುವಿನ ಮೇಲೆ ನಿಂತಿದ್ದೆ. ಕೆಂಪು ನೀರು ಹಳೆಯ ದಾರಿಯಲ್ಲೇ ಬಂತು, ನಿಲ್ಲಲು ಜಾಗ ಸಿಗದೆ ಗಿಡಗಳ ಮೇಲೆ ಹಾದು, ಬದು ಒಡೆದು, ಕೆಳಗೆ ನುಗ್ಗಿತು. ಓಡಿಹೋಗಿ ಸಾಲುಮನೆಯವರನ್ನು ಕೂಗಬಹುದಿತ್ತು. ಕೂಗಿದರೆ ನನಗೆ ಮೊದಲೇ ಗೊತ್ತಿತ್ತು ಎಂದಾಗುತ್ತದಲ್ಲ... ಎಷ್ಟು ಹೊತ್ತು ನಿಂತೆನೋ. ಓಡಿದಾಗ ಅಜ್ಜಿಯ ಮಣ್ಣಿನ ಗೋಡೆ ಒಳಕ್ಕೆ ಕುಸಿದಿತ್ತು. ಅಜ್ಜಿ ಅದರಡಿ ಇತ್ತು.

ಪಂಚಾಯಿತಿಯಲ್ಲಿ ಸಭೆಯಾಯಿತು. "ಪುಕ್ಕಟೆ ಪ್ರೋಗ್ರಾಂ ನಂಬಿಕೊಂಡು ಒಂದು ಜೀವ ತೆಗೆದ್ರಿ" ಎಂದು ಯಾರೋ ಚೀರಿದರು. ಮೇಡಂ ಒಮ್ಮೆ ನನ್ನ ಕಡೆ ನೋಡಿದರು. ನಾನು ಚಪ್ಪಲಿ ನೋಡಿಕೊಂಡೆ.

"ತಪ್ಪು ನನ್ನದು" ಎಂದರು, ಅಷ್ಟೆ.

ಹೊರಡುವ ದಿನ ಈ ಕಟ್ಟನ್ನು ನನ್ನ ಕೈಗಿಟ್ಟು, "ನಿಮ್ಮ ಹತ್ರ ಇರ್ಲಿ ಅಣ್ಣ" ಎಂದು ತೊಂಡೇಬಾವಿಯ ಬಸ್ಸು ಹತ್ತಿದರು. ಆಮೇಲೆ ಆ ಕೆಲಸ ಬಿಟ್ಟರೆಂದು ಕೇಳಿದೆ. ಎಲ್ಲಿದ್ದಾರೋ, ಇದ್ದಾರೋ...

ಮೊನ್ನೆ ದಾರ ಬಿಚ್ಚಿದೆ. ಇಂಗ್ಲಿಷ್ ಸಾಲುಗಳು ನನಗೆ ತಿಳಿಯಲಿಲ್ಲ. ಮೂರನೆಯ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಕನ್ನಡ ಇತ್ತು: "ಗುಂಡಿ ಇರಲಿಲ್ಲ ಅಂತ ನೀರಗಂಟಿ ಅಣ್ಣ ಹೇಳಿದರು. ಮಣ್ಣು ಹೊಸದು ಅನಿಸುತ್ತೆ. ಇನ್ನೊಂದು ಸಲ ಕೇಳಬೇಕು." ಅದರ ಕೆಳಗೆ: "ಕೇಳಿದೆ. ಇಲ್ಲ ಅಂದರು. ನಂಬಿದ್ದೇನೆ."

ಕೆಳಗೆ ಇನ್ನೂ ಒಂದು ಸಾಲಿನಷ್ಟು ಜಾಗವಿತ್ತು. ಮೊಮ್ಮಗಳ ಪೆನ್ನು ತಂದು ಬರೆದೆ: "ಇತ್ತು." ನನ್ನ ಹೆಸರು ಹಾಕಿದೆ. ಓದಬೇಕಾದ ಮೇಡಂ ಊರಲ್ಲಿಲ್ಲ, ಕೇಳಬೇಕಾದ ಅಜ್ಜಿ ಬದುಕಿಲ್ಲ. ಕಟ್ಟನ್ನು ಮತ್ತೆ ಟ್ರಂಕಿಗೆ ಹಾಕಿಲ್ಲ, ಜಗುಲಿಯ ಮೇಲೆ ಬಿಚ್ಚಿಯೇ ಇಟ್ಟಿದ್ದೇನೆ.