ಜಗ್ಗಿನಲ್ಲಿದ್ದದ್ದು ಶರಬತ್ತಲ್ಲ

“ಅಚ್ಛಾ, ಖಸ್ ಶರಬತ್ತು ಮಾಡಿದೀಯಾ?” ಎನ್ನುತ್ತಾ ಪಕ್ಕದ ಮನೆಯ ರಾವ್ ಅಂಕಲ್ ಜಗ್ಗನ್ನು ತುಟಿಯವರೆಗೆ ಎತ್ತಿದ್ದರು.

“ಕುಡೀಬೇಡಿ ಅಂಕಲ್, ಅದು ವಿಷ!” ಎಂದು ನಾನು ಕಾರಿನ ಕೆಳಗಿನಿಂದಲೇ ಕಿರುಚಿದೆ. ಜಗ್ಗು ಗಾಳಿಯಲ್ಲೇ ನಿಂತಿತು.

ದ್ವಾರಕಾದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಪಾರ್ಕಿಂಗ್‌ನಲ್ಲಿ ನಾನು ರೇಡಿಯೇಟರಿನಿಂದ, ಎಂಜಿನ್ ತಂಪಾಗಿಡುವ ಹಳೆಯ ಕೂಲಂಟ್ ಇಳಿಸುತ್ತಿದ್ದೆ. ಎಷ್ಟು ಇಳಿಯಿತೆಂದು ಬರೆದಿಟ್ಟುಕೊಂಡು ಅಷ್ಟೇ ಹೊಸದನ್ನು ತುಂಬುವ ಹುಚ್ಚು ನನ್ನದು. ಹಾಗಾಗಿ ಅಳತೆಯ ಗೆರೆಗಳಿದ್ದ, ಅಡುಗೆಮನೆಯ ಒಂದು ಲೀಟರಿನ ಜಗ್ಗನ್ನೇ ತಂದಿದ್ದೆ. ಎರಡು ಜಗ್ಗು ಕ್ಯಾನಿಗೆ ಸುರಿದಾಗಿತ್ತು. ಮೂರನೆಯದನ್ನು ತುಂಬಿ ಕಟ್ಟೆಯ ಮೇಲಿಟ್ಟಿದ್ದೆ, ಹಚ್ಚ ಹಸಿರಾಗಿ. ಜೂನ್ ಬಿಸಿಲಿನಲ್ಲಿ ವಾಕಿಂಗ್ ಮುಗಿಸಿ ಬಂದ ನಿವೃತ್ತ ಅಧಿಕಾರಿಗೆ ಅದು ಲಾವಂಚದ ಹಸಿರು ಶರಬತ್ತಲ್ಲದೆ ಇನ್ನೇನಾಗಿ ಕಂಡೀತು?

ಅಂಕಲ್ ಜಗ್ಗನ್ನು ಮೆಲ್ಲಗೆ ಕೆಳಗಿಟ್ಟರು. “ಹೆದರಬೇಡ ಮರಿ. ಮೂವತ್ತು ವರ್ಷ ಆಫೀಸ್ ಕ್ಯಾಂಟೀನ್ ಚಹಾ ಕುಡಿದ ಹೊಟ್ಟೆ ಇದು, ಏನೂ ಆಗ್ತಿರಲಿಲ್ಲ” ಎಂದರು. ದನಿ ಜೋರಾಗಿಯೇ ಇತ್ತು, ಆದರೆ ಜಗ್ಗಿನಿಂದ ಎರಡು ಹೆಜ್ಜೆ ಹಿಂದೆ ಸರಿದಿದ್ದರು.

ಈಗಲೂ ಅವರು ನಮ್ಮ ಮನೆಗೆ ಬರುತ್ತಾರೆ. ಚಹಾ ಕೊಟ್ಟರೆ ಮಾತ್ರ, “ಮೊದಲು ನೀನು ಒಂದು ಗುಟುಕು ಕುಡಿ” ಎನ್ನುತ್ತಾರೆ. ಇದುವರೆಗೆ ಹನ್ನೊಂದು ಸಲ ಕುಡಿದು, ಬದುಕಿ ತೋರಿಸಿದ್ದೇನೆ.